ಮುಖವಿಲ್ಲದ ಒಪ್ಪಿಗೆ

ಬಿ.ಸಿ.ರೋಡಿನಲ್ಲಿ ಮೊಬೈಲ್ ಅಂಗಡಿಯ ಮೇಲೆ ನನ್ನದೊಂದು ಸ್ಪೋಕನ್ ಇಂಗ್ಲಿಷ್ ಕ್ಲಾಸ್. ‘ಪಿನ್’ಗೂ ‘ಬಿನ್’ಗೂ ಒಂದೇ ಸದ್ದಿನ ವ್ಯತ್ಯಾಸ, ಆದರೆ ಒಂದು ಚುಚ್ಚುತ್ತದೆ, ಇನ್ನೊಂದಕ್ಕೆ ಕಸ ಹಾಕುತ್ತೇವೆ ಎಂದು ಮಕ್ಕಳಿಗೆ ಮೊದಲೇ ಹೇಳುತ್ತೇನೆ. ಅಮ್ಮ ನನಗೆ ಕಲಿಸಿದ್ದನ್ನೂ ಸೇರಿಸುತ್ತೇನೆ: ಮಾತಾಡುವಾಗ ಕೈ ಬೀಸಬಾರದು, ಮುಖ ಕಿವುಚಬಾರದು.

ಕ್ಲಾಸಿನ ಬ್ಯಾನರ್ ಮಾಡಿಸಲು ಮೂಡುಬಿದಿರೆಗೆ ಹೋದಾಗ ಸೃಜನ್ ಸಿಕ್ಕಿದ. ಫ್ಲೆಕ್ಸ್ ಡಿಸೈನರ್, ಹುಟ್ಟಿನಿಂದಲೇ ಕಿವುಡ. ಬ್ಯಾನರಿನಲ್ಲಿ ನನ್ನ ಫೋಟೊ ಎಷ್ಟು ದೊಡ್ಡದಿರಬೇಕು ಎಂಬ ಜಗಳ ಹೇಗೋ ಪ್ರೀತಿಯಾಯಿತು. ಅವನ ಸನ್ನೆ ಭಾಷೆಯೂ ಬಂತು. ಕೈಯ ಆಕಾರ, ಕೈ ಇಡುವ ಜಾಗ, ಚಲನೆ, ಅಂಗೈಯ ದಿಕ್ಕು, ಇವೇ ಅಲ್ಲಿನ ಪ ಮತ್ತು ಬ. ಒಂದು ತಪ್ಪಿದರೆ ಮಾತೇ ಬೇರೆ. ಇವನ್ನೆಲ್ಲ ಚೆನ್ನಾಗಿ ಕಲಿತೆ. ಉಳಿದದ್ದು ಮುಖ. ಅದೂ ಮಾತಿನ ಭಾಗವೇ, ಆದರೆ ನಿನ್ನದು ಆಧಾರ್ ಕಾರ್ಡಿನ ಫೋಟೊ ಎಂದು ಸೃಜನ್ ಗೋಳು ಹೊಯ್ದುಕೊಳ್ಳುತ್ತಿದ್ದ.

ಕಳೆದ ಶನಿವಾರ ಬಿ.ಸಿ.ರೋಡ್ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಅವನು ಕೇಳಿಯೇಬಿಟ್ಟ: ಮದುವೆಯಾಗುವ, ಆಗದಾ?

ಪಕ್ಕದ ಮೇಜಿನಲ್ಲಿ ಅಮ್ಮನ ಸ್ನೇಹಿತೆ ಸೇಸಮ್ಮಕ್ಕ ಬನ್ಸ್ ಮುರಿಯುತ್ತಿದ್ದರು. ನಾನು ಮುಖ ಬಿಗಿಹಿಡಿದು, ಕೈಯನ್ನು ಆದಷ್ಟು ಸಣ್ಣದಾಗಿ ಆಡಿಸಿ, ಒಪ್ಪಿಗೆ ಎಂದೆ. ಸೃಜನ್ ನನ್ನ ಮುಖವನ್ನೇ ನೋಡಿದ. ಮನಸ್ಸಿಲ್ಲದಿದ್ದರೆ ಬೇಡ ಎಂದು ಸನ್ನೆ ಮಾಡಿ, ಎದ್ದು ಮೂಡುಬಿದಿರೆ ಬಸ್ಸು ಹತ್ತಿದ.

ಮೊದಲು ಸಿಟ್ಟು ಬಂತು. ಹೂಂ ಎಂದರೂ ಎದ್ದು ಹೋಗುವುದೆಂದರೇನು? ಆಮೇಲೆ ಹೊಳೆಯಿತು. ಕ್ಲಾಸಿನಲ್ಲಿ ಮಕ್ಕಳು ‘ಐ ಆ್ಯಮ್ ವೆರಿ ಹ್ಯಾಪಿ’ಯನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರಲ್ಲ, ನನ್ನ ಒಪ್ಪಿಗೆ ಹಾಗಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಓಡಿದೆ. ಅವನು ಕಿಟಕಿ ಪಕ್ಕ ಕುಳಿತು ಆಚೆ ನೋಡುತ್ತಿದ್ದ. ಕೂಗಿ ಏನು ಪ್ರಯೋಜನ? ಬಡಿತದ ಕಂಪನವಾದರೂ ಅವನಿಗೆ ತಾಗಲಿ ಎಂದು ಬಸ್ಸಿನ ಮೈಗೆ ಎರಡು ಬಾರಿ ಬಡಿದೆ. ಎರಡು ಬಡಿತವೆಂದರೆ ಡ್ರೈವರನಿಗೆ ‘ರೈಟ್, ಹೋಗು’ ಎಂದರ್ಥ. ಬಸ್ಸು ಹೊರಟೇಬಿಟ್ಟಿತು!

ಆದರೆ ಸೃಜನ್ ತಿರುಗಿದ. ನಾನು ಬಸ್ಸಿನ ಜೊತೆ ಓಡುತ್ತಲೇ ಹೇಳಿದೆ. ಒಪ್ಪಿಗೆ. ಮದುವೆ. ನೀನೇ. ಕತ್ತೆ! ಹುಬ್ಬು, ಕೆನ್ನೆ, ತುಟಿ ಎಲ್ಲವೂ ತಮ್ಮಷ್ಟಕ್ಕೇ ಮಾತಾಡುತ್ತಿದ್ದವು, ಕಣ್ಣೀರು ಬೇರೆ.

ಕಂಡಕ್ಟರ್ ಅಬ್ಬಾಸ್ ಸೀಟಿ ಊದಿ ಬಸ್ಸು ನಿಲ್ಲಿಸಿದ. “ಎಂತ ಮಾರಾಯ್ತಿ, ಹೊರಡಿಸಿದ್ದೂ ನೀವೇ, ಹಿಂದೆ ಓಡುವುದೂ ನೀವೇ! ಬೇಗ ಮುಗಿಸಿ, ಹಿಂದಿನ ಬಸ್ಸು ಬರ್ತಾ ಉಂಟು.”

ಸೃಜನ್ ಇಳಿದು ಬಂದ. ಇನ್ನೊಮ್ಮೆ ಹೇಳು ಎಂದ. ಹೇಳಿದೆ, ಅಷ್ಟೇ ದೊಡ್ಡದಾಗಿ. ಅವನ ಮುಖ ಅರಳಿದ್ದು ನೋಡಿ ನನಗೆ ನಗು ತಡೆಯಲಾಗಲಿಲ್ಲ.

ಸೇಸಮ್ಮಕ್ಕ ಕೈಯಲ್ಲಿ ಬನ್ಸ್ ಹಿಡಿದುಕೊಂಡೇ ಬಂದರು. “ಇದೆಂತ ಮುಖ ದೀಪಶ್ರೀ, ರಸ್ತೆಯಲ್ಲಿ? ಅಮ್ಮನಿಗೆ ಹೇಳ್ತೇನೆ ನೋಡು.”

“ಹೇಳಿ ಸೇಸಮ್ಮಕ್ಕ,” ಎಂದೆ. “ಬಾಯಲ್ಲಿ ಹೇಳಿದ್ರೆ ಸಾಕಾಗುದಿಲ್ಲ. ನನ್ನ ಮುಖ ಹೇಗಿತ್ತು ಅಂತ ಮಾಡಿ ತೋರಿಸಿ.”