ಡೆರಿಕ್‌ನ ಕಂಚಿನ ಬೋಗುಣಿ

ಗಂಡ ಡೆರಿಕ್‌ನ ಶವದ ಗಾಡಿ ಬಾಗಿಲಿಗೆ ಬಂದು ನಿಂತಾಗ ಡೋರೀನ್ ಅಡುಗೆಮನೆಯಲ್ಲಿ, ಟವೆಲ್ಲಿನಲ್ಲಿ ಸುತ್ತಿದ ಕಂಚಿನ ಬೋಗುಣಿಯನ್ನು ಎದೆಗವಚಿಕೊಂಡು, ಎಲ್ಲಿಡಲಿ ಎಂದು ಸುತ್ತು ಹೊಡೆಯುತ್ತಿದ್ದಳು. ಹನ್ನೊಂದು ತಿಂಗಳಿಂದ ಅದು ಮಂಚದ ಕೆಳಗಿತ್ತು. ಇವತ್ತು ಬಂದವರೆಲ್ಲ ಕೋಟು ಬಿಚ್ಚಿಡುವುದು ಆ ಮಂಚದ ಮೇಲೆಯೇ. ಕೊನೆಗೆ ಬಟ್ಟೆ ಒಗೆಯುವ ಯಂತ್ರದೊಳಗೆ ಅದನ್ನು ತೂರಿಸಿ, ಮೇಲೊಂದು ಹಾಸು ಮುಚ್ಚಿ, ಬಾಗಿಲು ಒತ್ತಿದಳು.

"ಹೊತ್ತಾಯ್ತು ಕಣಮ್ಮ," ಎಂದು ರೇ ಹೊರಗಿನಿಂದ ಕರೆದ. ಮೂವತ್ತು ವರ್ಷ ಡೆರಿಕ್‌ನ ಜೊತೆ ಲಿಂಕನ್‌ಶೈರಿನ ಹೊಲಹೊಲ ಸುತ್ತಿ, ಲೋಹ ಹುಡುಕುವ ಯಂತ್ರ ಆಡಿಸಿದವನು. ಅವಳು ಮತ್ತೆ ಮತ್ತೆ ಅಡುಗೆಮನೆಯತ್ತ ತಿರುಗಿ ನೋಡುವುದನ್ನು ಕಂಡು ತೋಳು ಕೊಟ್ಟ. ದುಃಖ ಎಂದುಕೊಂಡ.

ಚರ್ಚಿನಲ್ಲಿ ವಸ್ತುಸಂಗ್ರಹಾಲಯದ ಫಿಲಿಪಾ ಎದ್ದು ನಿಂತು ಮಾತಾಡಿದಳು. ಹೊಲದಲ್ಲಿ ಸಿಕ್ಕಿದ್ದನ್ನೆಲ್ಲ ಜನ ತಂದು ತೋರಿಸಬೇಕಾದದ್ದು ಅವಳಿಗೇ. "ಡೆರಿಕ್ ಶಾಲೆಯ ಬಸ್ಸು ಓಡಿಸ್ತಿದ್ರು. ಮಕ್ಕಳು ಬಿಟ್ಟುಹೋದ ಕೈಚೀಲಾನೂ ಮನೆಗೆ ಮುಟ್ಟಿಸ್ತಿದ್ರು. ನಮಗೂ ಹಾಗೇ. ಹಳೇ ಅಂಗಿಯ ಒಂದು ಗುಂಡಿ ಸಿಕ್ಕರೂ ಮುಚ್ಚಿಟ್ಟವರಲ್ಲ."

ಡೋರೀನ್ ತಲೆ ತಗ್ಗಿಸಿದಳು. ಇವಳು ಮನೆಗೂ ಬರುತ್ತಾಳೆ, ಚಹಾಕ್ಕೆ.

*

ಹೋದ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಡೆರಿಕ್ ಮಣ್ಣುಗಾಲಲ್ಲೇ ಒಳಗೆ ಬಂದಿದ್ದ. ಎಂದೂ ಹಾಗೆ ಬಂದವನಲ್ಲ. ಬೋಗುಣಿಯನ್ನು ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕುಸಿದ. ತೂಗುಹಾಕಲು ಮೂರು ಕೊಕ್ಕೆ. ಒಂದೊಂದೂ ಹಕ್ಕಿಯ ತಲೆ, ಕಣ್ಣಿನಲ್ಲಿ ಕೆಂಪು ಗಾಜು. ಮೂರನೆಯದರ ಕೊಕ್ಕು ಮುರಿದಿತ್ತು. ಮುರಿದ ಕಡೆ ಲೋಹ ಹೊಚ್ಚಹೊಸದಾಗಿ ಹೊಳೆಯುತ್ತಿತ್ತು.

"ಸಾವಿರದ ಮುನ್ನೂರು ವರ್ಷ ನೆಟ್ಟಗಿತ್ತು ಕಣೇ. ನನ್ನ ಗುದ್ದಲಿ ತಾಗಿ ಮುರೀತು."

"ಫಿಲಿಪಾಗೆ ಫೋನ್ ಮಾಡು. ಬೈದಾಳು, ಅಷ್ಟೇ ತಾನೆ?"

"ಕೆಳಗೆ ಮೂಳೆ ಇತ್ತು, ಡೋರೀನ್. ಸಣ್ಣ ಬೆರಳುಗಳು. ಇಷ್ಟೇ ಇಷ್ಟು." ತನ್ನ ಕಿರುಬೆರಳಿನ ತುದಿ ಹಿಡಿದು ತೋರಿಸಿದ. "ಬೋಗುಣಿಯ ಅಂಚು ಹಿಡಿದ ಹಾಗಿದ್ವು. ಮೂಳೆ ಕಂಡ್ರೆ ಕೈ ತೆಗೀಬೇಕು ಅಂತ ಊರಿಗೆಲ್ಲ ಪಾಠ ಹೇಳ್ದೋನು ನಾನು. ಕೈ ನಿಲ್ಲಲಿಲ್ಲ. ಎಳೆದುಬಿಟ್ಟೆ."

ಹದಿನಾಲ್ಕು ದಿನದೊಳಗೆ ತಿಳಿಸಬೇಕೆಂಬುದು ಕಾನೂನು. ಹನ್ನೆರಡನೆಯ ದಿನ ಫೋನ್ ಎತ್ತಿ ಇಟ್ಟ. ಹದಿನೈದನೆಯ ದಿನದಿಂದ ಬಾಗಿಲ ಗಂಟೆ ಬಾರಿಸಿದರೆ ಹಿತ್ತಿಲಿಗೆ ಹೋಗಿ ನಿಲ್ಲತೊಡಗಿದ. ಅಂಚೆಯವನು ಬಂದರೂ ಅಷ್ಟೇ. ಒಂದು ಭಾನುವಾರ ಅವಳನ್ನು ಹೊಲಕ್ಕೆ ಕರೆದೊಯ್ದು, ಬೇಲಿಯ ಗೇಟಿನಿಂದ ನಲವತ್ತು ಹೆಜ್ಜೆ ಎಣಿಸಿ, "ಇಲ್ಲಿ" ಎಂದ. "ನಂಗೇನಾದ್ರೂ ಆದ್ರೆ ನಿಂಗಾದ್ರೂ ಗೊತ್ತಿರ್ಲಿ." ಆಮೇಲೆ ಲೋಹ ಹುಡುಕುವ ಯಂತ್ರ ಮುಟ್ಟಲಿಲ್ಲ. ಹೋದ ವಾರ, ಗಂಟೆ ಬಾರಿಸಿತೆಂದು ಹಿತ್ತಿಲಿಗೆ ಹೋದವನು ಅಲ್ಲೇ ಬಿದ್ದ. ಬಂದದ್ದು ಪಕ್ಕದ ಮನೆಯ ಹೆಂಗಸು, ಸೇಬು ಕೊಡಲಿಕ್ಕೆ.

*

ಚಹಾದ ಹೊತ್ತಿಗೆ ಮನೆ ತುಂಬಿತ್ತು. ರೇ ಹಂದಿಮಾಂಸದ ಸ್ಯಾಂಡ್‌ವಿಚ್ ಹಿಡಿದು ನಗಿಸುತ್ತಿದ್ದ. "ಮೊದಲ್ನೇ ವರ್ಷ ಅವನಿಗೆ ಸಿಕ್ಕಿದ್ದು ನನ್ನ ಕಾರಿನ ಕೀಲಿಕೈ ಒಂದೇ. ಅದನ್ನೂ ಫಿಲಿಪಾಗೆ ಕೊಡೋಕೆ ಹೊರಟಿದ್ದ!" ನಗುವ ಭರದಲ್ಲಿ ಕೈ ತಾಗಿ ಚಹಾ ಚೆಲ್ಲಿತು. ಪಕ್ಕದ ಮನೆಯವಳು ಮೇಜಿನ ಬಟ್ಟೆ ಸೆಳೆದು, "ಈಗಲೇ ಯಂತ್ರಕ್ಕೆ ಹಾಕ್ತೀನಿ, ಇಲ್ಲದಿದ್ರೆ ಕಲೆ ನಿಂತುಬಿಡುತ್ತೆ," ಎಂದು ನಡೆದಳು.

ಡೋರೀನ್ ಓಡಿಹೋಗಿ ಯಂತ್ರಕ್ಕೆ ಬೆನ್ನು ಕೊಟ್ಟು ನಿಂತಳು. "ಬೇಡ! ಅದು ಕೆಟ್ಟಿದೆ."

"ಕೆಟ್ಟಿದ್ಯಾ? ಸರೀರಿ, ನಾನು ನೋಡ್ತೀನಿ," ಎಂದು ಡಾಬ್ಸ್ ಎದ್ದ. ಬೋಗುಣಿ ಸಿಕ್ಕಿದ್ದ ಹೊಲದ ಯಜಮಾನ. "ಸೋಮವಾರದಿಂದ ನಂಗೆ ಪುರುಸೊತ್ತಿರಲ್ಲ. ಬೇಲಿ ಗೇಟಿನ ಹೊಲಕ್ಕೆ ದೊಡ್ಡ ಯಂತ್ರ ಬರುತ್ತೆ. ನೀರು ನಿಲ್ಲುತ್ತಲ್ಲ, ಆಳುದ್ದ ಕಾಲುವೆ ತೋಡಿಸ್ತಿದ್ದೀನಿ."

ಡೋರೀನ್ ಅಲ್ಲೇ ನಿಂತು ಲೆಕ್ಕ ಹಾಕಿದಳು. ಹೇಳಿದರೆ, ಮಣ್ಣು ಮಾಡಿ ಬಂದ ದಿನವೇ ಗಂಡನ ಹೆಸರಿಗೆ ಮಸಿ. ತನ್ನನ್ನೂ ಬಿಡಲಿಕ್ಕಿಲ್ಲ; ಮಂಚದ ಕೆಳಗೆ ಇಟ್ಟುಕೊಂಡವಳಲ್ಲವೆ? ಹೇಳದಿದ್ದರೆ ಸೋಮವಾರ ಆ ಸಣ್ಣ ಬೆರಳುಗಳ ಮೇಲೆ ದೊಡ್ಡ ಯಂತ್ರ.

"ಫಿಲಿಪಾ," ಎಂದಳು. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಮತ್ತೆ ಕರೆದಳು. "ಇಲ್ಲಿ ಬನ್ನಿ. ಡಾಬ್ಸ್, ನೀವೂ ಬನ್ನಿ. ರೇ, ಆ ಬಾಗಿಲು ಹಾಕಪ್ಪ."

ಯಂತ್ರದಿಂದ ತೆಗೆದ ಬೋಗುಣಿಯ ಟವೆಲ್ಲು ಬಿಚ್ಚಿದಾಗ ರೇ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟ. ಅವಳು ಬೆರಳಿನ ಮೂಳೆಯವರೆಗೆ ಎಲ್ಲ ಹೇಳಿದಳು.

"ನಂಗೂ ಹೇಳಲಿಲ್ಲ ಅವನು," ಎಂದ ರೇ.

"ನೀನು ಬರ್ತೀಯ ಅಂದ್ರೂ ಹೆದರ್ತಿದ್ದ."

ಫಿಲಿಪಾ ಮುರಿದ ಕೊಕ್ಕನ್ನು ಮುಟ್ಟಿ ನೋಡಿದಳು. "ಡೋರೀನ್, ಇದನ್ನ ನಾನು ಅಧಿಕಾರಿಗಳಿಗೆ ಬರೆದು ಕಳಿಸಲೇಬೇಕು. ನಿಮ್ಮನ್ನ ವಿಚಾರಣೆ ಮಾಡ್ತಾರೆ. ಏನಾಗುತ್ತೋ ನಾನು ಮಾತು ಕೊಡಲಾರೆ."

"ಗೊತ್ತು. ಮೊದ್ಲು ಜಾಗ ತೋರಿಸ್ತೀನಿ. ಬೆಳಕಿದೆ."

ಡಾಬ್ಸ್‌ನ ಹೊಲದಲ್ಲಿ ಗೋಧಿ ಕೊಯ್ದ ಕೂಳೆ ನಿಂತಿತ್ತು. ಡೋರೀನ್ ಗೇಟಿನಿಂದ ಹೆಜ್ಜೆ ಎಣಿಸಿದಳು. ಇಪ್ಪತ್ತಾರಕ್ಕೆ ಕೂಳೆಗೆ ಎಡವಿ ಲೆಕ್ಕ ತಪ್ಪಿತು. ವಾಪಸ್ಸು ಹೋಗಿ ಮೊದಲಿಂದ ಎಣಿಸಿದಳು. ಗಂಡಸಿನ ಹೆಜ್ಜೆಯಷ್ಟು ಉದ್ದಕ್ಕೆ ಕಾಲು ಹಾಕಿ, ನಲವತ್ತಕ್ಕೆ ನಿಂತಳು.

ಡಾಬ್ಸ್ ಬೇಲಿಯಿಂದ ಒಂದು ಕೋಲು ಮುರಿದು ತಂದ. ನೆಲಕ್ಕೆ ಚುಚ್ಚಲು ಎತ್ತಿದವನು, ಯೋಚಿಸಿ, ಒಂದು ಮಾರು ಆಚೆಗೆ ಮೆಲ್ಲಗೆ ಊರಿದ. ಆಮೇಲೆ ಕೊರಳಿನ ಕಪ್ಪು ಟೈ ಬಿಚ್ಚಿ, ದೂರಕ್ಕೆ ಕಾಣುವಂತೆ ಅದರ ತುದಿಗೆ ಕಟ್ಟಿದ.