ಉಪ್ಪು ಮರಳು

"ನೆಕ್ ನೋಡಾಕೆ ಇದೇನ್ ನಿಮ್ಮಪ್ಪನ್ ಮದ್ವೆ ಊಟವೇನ್ಲಾ, ಹಂದಿ? ಕಲ್ಸು!"

ದಾಮಿಯಾನ್ ನಾಲಿಗೆಯ ಮೇಲಿದ್ದ ಮರಳನ್ನು ಉಗಿದ. ಕಬ್ಬಿನ ತೋಟದಲ್ಲಿ ಆಳುಗಳನ್ನು ದುಡಿಸುವ ಕಾಬೊ ತಿಬುರ್ಸಿಯೊ ಬೂಟುಗಾಲಿನಿಂದ ಸಲಿಕೆಯನ್ನು ಅವನ ಕಡೆಗೆ ಒದ್ದ.

"ಉಪ್ಪೈತೆ ಕಾಬೊ. ಸಮುದ್ರದ್ ಮರಳು. ಸಿಹಿನೀರಲ್ಲಿ ತೊಳೀದೆ ಹಾಕುದ್ರೆ ಒಳಗಿನ್ ಕಬ್ಣನೆಲ್ಲ ತಿಂದಾಕ್ಬುಡ್ತದೆ. ಮ್ಯಾಲೆ ನೀರಿನ್ ಟ್ಯಾಂಕ್ ಕೂರ್ಬೇಕಲ್ವಾ?"

"ಓಹೋ, ಇಂಜಿನಿಯರ್ ಸಾಯೇಬ್ರು! ಕಬ್ಬು ಕಡಿಯೋ ನನ್ಮಗ ನೀನು. ಧಣೇರು ಸಿಮೆಂಟ್ ದಾನ ಕೊಟ್ಟವ್ರೆ, ಮರಳು ಕಡಲಮ್ಮ ಪುಕ್ಸಟ್ಟೆ ಕೊಟ್ಟವ್ಳೆ. ಉಪ್ಪಾದ್ರೆ ಒಂದ್ ಹಿಡಿ ಮನೆಗ್ ತಗಂಡೋಗಿ ಗಂಜಿಗ್ ಹಾಕ್ಕೊ ಹೋಗ್ಲಾ."

ಸುತ್ತ ಇದ್ದವರೆಲ್ಲ ನಕ್ಕರು. ಕಾಬೊ ತಮಾಷೆ ಮಾಡಿದಾಗ ನಗದವನಿಗೆ ಮುಂದಿನ ಕಟಾವಿನಲ್ಲಿ ಕೆಲಸ ಸಿಗುವುದಿಲ್ಲ. ದಾಮಿಯಾನನೂ ನಕ್ಕ.

ನೆಗ್ರೋಸ್ ದ್ವೀಪದ ಆ ಊರಿನಲ್ಲಿ ಪ್ರತಿ ವರ್ಷ ಶಾಲೆ ತೆರೆಯುವ ಮುಂಚಿನ ವಾರ ಅಪ್ಪ ಅಮ್ಮಂದಿರು ಪೊರಕೆ, ಮೊಳೆ, ಬಣ್ಣದ ಡಬ್ಬಿ ಹಿಡಿದು ಬಂದು ಸರ್ಕಾರಿ ಶಾಲೆಯನ್ನು ರಿಪೇರಿ ಮಾಡಬೇಕು. ಇದಕ್ಕೆ ಬ್ರಿಗಾದ ಎಂದು ಹೆಸರು. ಸ್ವಂತ ಇಷ್ಟದಿಂದ ಮಾಡುವ ಸೇವೆ ಎಂದು ಕಾಗದದಲ್ಲಿ ಬರೆದಿರುತ್ತದೆ. ಬಾರದವರ ಮಗುವಿನ ಹೆಸರನ್ನು ಮಾತ್ರ ಶಾಲೆಗೆ ಸೇರಿಸಿಕೊಳ್ಳುವಾಗ ಕೊನೆಯ ತನಕ ಕೂಗುವುದಿಲ್ಲ. ಕಟಾವು ಮುಗಿದು ಕೂಲಿ ಇಲ್ಲದ ಆ ತಿಂಗಳುಗಳನ್ನು ಅಲ್ಲಿಯವರು ಸತ್ತ ಕಾಲ ಎನ್ನುತ್ತಾರೆ. ಹೊಟ್ಟೆಗಿಲ್ಲದಿದ್ದರೂ ರಟ್ಟೆ ಪುಕ್ಕಟೆ ಸಿಗುವ ಕಾಲ ಅದು.

ಅಪ್ಪನಿಗೆ ಅನ್ನ, ಒಣಮೀನು ತಂದಿದ್ದ ಆರು ವರ್ಷದ ಜೋವಿ ಅವನು ಮಾಡಿದ್ದನ್ನೇ ಮಾಡಿದಳು. ಚಿಟಿಕೆ ಮರಳು ನಾಲಿಗೆಗಿಟ್ಟು ಮುಖ ಹಿಂಡಿದಳು.

"ಅಪ್ಪಾ! ಉಪ್ಪು! ದಿಟಾಗ್ಲೂ ಉಪ್ಪು!" ಎಂದು ಅಂಗಳಕ್ಕೆಲ್ಲ ಕೇಳುವಂತೆ ಕೂಗಿದಳು.

ಕಾಬೊ ತಿರುಗಿ ನೋಡಿದ. ದಾಮಿಯಾನ್ ಸಿಮೆಂಟು ಮೆತ್ತಿದ ಕೈಯಿಂದ ಮಗಳ ಬಾಯಿ ಮುಚ್ಚಿದ. "ಸುಮ್ಕಿರವ್ವ," ಎಂದ. ಆಮೇಲೆ ಸಲಿಕೆ ಎತ್ತಿಕೊಂಡು ಕಲಸಿದ.

ನಾಲ್ಕು ಕಂಬ, ಮೇಲೆ ಟ್ಯಾಂಕು, ಕೆಳಗೆ ಮಕ್ಕಳು ಕೈ ತೊಳೆಯಲು ಸಾಲು ನಲ್ಲಿ. ಎದುರಿಗೆ ನೀಲಿ ಟೈಲಿನಲ್ಲಿ ಧಣಿಯ ಮನೆತನದ ಹೆಸರು. ಜಿಲ್ಲೆಯ ಸಾಹೇಬರು ಬಂದು ಕೈ ತೊಳೆದು ಫೋಟೊ ತೆಗೆಸಿಕೊಂಡು ಹೋದರು.

ಮೂರನೆಯ ಮಳೆಗಾಲದಲ್ಲಿ, ಮಧ್ಯಾಹ್ನದ ಊಟದ ಗಂಟೆಗೆ, ಕಡಲ ಕಡೆಯ ಕಂಬ ಮುರಿಯಿತು.

ಕಳೆ ತೆಗೆಯುತ್ತಿದ್ದ ದಾಮಿಯಾನ್ ಓಡಿ ಬರುವಷ್ಟರಲ್ಲಿ ಜೋವಿಯನ್ನು ಆರೋಗ್ಯ ಕೊಠಡಿಯ ಮಂಚದ ಮೇಲೆ ಮಲಗಿಸಿದ್ದರು. ಔಷಧಿಯ ಬೀರುವಿಗೆ ಬೀಗ. ಕೀಲಿ ನರ್ಸಿನ ಹತ್ತಿರ. ನರ್ಸು ಹನ್ನೆರಡು ಶಾಲೆಗೆ ಒಬ್ಬಳೇ, ಅವತ್ತು ಯಾವ ಶಾಲೆಯಲ್ಲಿದ್ದಳೋ. ಹೆಡ್ ಮೇಡಮ್ ಸೊಲೆದಾದ್ ಕಲ್ಲು ತಂದು ತಾವೇ ಬೀಗ ಒಡೆದರು. ಒಳಗೆ ಸಾಹೇಬರು ಬಂದಾಗ ಊಟಕ್ಕಿಡುವ ಪಿಂಗಾಣಿ ತಟ್ಟೆಗಳು, ಗಾಜಿನ ಲೋಟಗಳು ಇದ್ದವು. ಒಂದು ಗೇಣು ಬ್ಯಾಂಡೇಜು ಬಟ್ಟೆಯಿರಲಿಲ್ಲ. ಮೇಡಮ್ ಕಿಟಕಿಯ ಪರದೆ ಹರಿದು ಕಟ್ಟಿದರು.

ಆಸ್ಪತ್ರೆಗೆ ಹೊರಟ ಕಬ್ಬಿನ ಲಾರಿಯಲ್ಲಿ ಅಪ್ಪನ ತೊಡೆಯ ಮೇಲೆ ಅವಳಿಗೆ ಒಂದು ಸಲ ಎಚ್ಚರವಾಯಿತು.

"ಅಪ್ಪಾ, ಕೈಯಾಗೆ ಸೋಪು ಹಂಗೇ ಐತೆ. ತೊಳ್ಕಂಡೇ ಇಲ್ಲ."

"ಆಸ್ಪತ್ರೆಗೋಗಿ ತೊಳ್ಕಳವಂತೆ ಕಣವ್ವ. ನೀರ್ ಹಾಕ್ತೀನಿ ನಾನು."

ಸೇತುವೆ ದಾಟುವ ಮೊದಲೇ ಅವಳು ಹೋಗಿಬಿಟ್ಟಳು. ಮನೆಗೆ ತಂದ ಮೇಲೆ ದಾಮಿಯಾನ್ ಆ ಕೈಗಳನ್ನು ತೊಳೆದ. ಸೋಪು ಒಣಗಿ ಬೆಳ್ಳಗೆ ಕೂತಿತ್ತು. ಒಳ್ಳೆಯ ನೀರು ಎಷ್ಟು ಹಾಕಿದನೋ, ಹೆಂಡತಿ ಪಸಿತಾ ಬಂದು ಕೊಡ ಕಿತ್ತುಕೊಳ್ಳುವ ತನಕ ಹಾಕುತ್ತಲೇ ಇದ್ದ.

ಮರುವರ್ಷ ಮತ್ತೆ ಬ್ರಿಗಾದ ಬಂತು. ಗೇಟಿನ ಮೇಲೆ ದೊಡ್ಡ ಬ್ಯಾನರು. ಮಕ್ಕಳ ಆರೋಗ್ಯಕ್ಕೂ ಸುರಕ್ಷತೆಗೂ ಸರ್ಕಾರದ ಹಣ ಮಂಜೂರಾಗಿದೆ ಎಂದು ಅಕ್ಷರ, ಅಕ್ಷರಕ್ಕಿಂತ ದೊಡ್ಡದಾಗಿ ನಗುವ ಮುಖಗಳು. ಅಂಗಳದಲ್ಲಿ ಹೊಸ ಮರಳಿನ ರಾಶಿ ಬಿದ್ದಿತ್ತು. ಕಂಬದ ಮುರಿದ ತುಂಡುಗಳನ್ನು ಬೇಲಿಯ ಮೂಲೆಗೆ ಎಸೆದಿದ್ದರು.

ಜಿಲ್ಲಾ ಕಚೇರಿಯ ಸಾಹೇಬ ಮೇಜು ಹಾಕಿಸಿಕೊಂಡು ಕೂತಿದ್ದ.

"ದಾಮಿಯಾನ್ ಅಂದ್ರೆ ನೀನೇನಯ್ಯಾ? ಪಾಪ, ಆಗಬಾರದಿತ್ತು. ಇಲ್ಲೊಂದು ಹೆಬ್ಬೆಟ್ಟು ಒತ್ತು."

"ಏನ್ ಬರ್ದೈತೆ ಸ್ವಾಮಿ?"

"ಹಳೇದನ್ನ ಪೋಷಕರೇ ತಮ್ಮಿಷ್ಟಕ್ಕೆ ಕಟ್ಟಿದ್ದು, ಕೆಲಸದಲ್ಲಿ ತಪ್ಪಾಗಿತ್ತು, ಇಲಾಖೆಗೂ ದಾನಿಗಳಿಗೂ ಸಂಬಂಧ ಇಲ್ಲ ಅಂತ. ಇದು ಮುಗಿದ್ರೆ ಹೊಸದಕ್ಕೆ ಹಣ ಬಿಡುಗಡೆ. ನೀನು ಒತ್ತದಿದ್ರೆ ನಿಂತ್ಹೋಗುತ್ತೆ. ಮಿಕ್ಕ ಮಕ್ಕಳಿಗೆ ನೀರಿಲ್ಲದ ಹಾಗೆ ಮಾಡ್ತೀಯಾ? ನಿನ್ನ ಚಿಕ್ಕ ಮಗಳು ಈ ವರ್ಷ ಸೇರ್ಬೇಕಲ್ವಾ?"

"ಸಾರ್, ನರ್ಸು, ಔಷಧಿ..." ಎಂದರು ಸೊಲೆದಾದ್ ಮೇಡಮ್.

"ಬರುತ್ತೆ ಮೇಡಮ್. ಮೊದಲು ಇದರ ಫೋಟೊ ಹೋಗ್ಲಿ."

ಕಾಬೊ ಶಾಯಿಯ ಪ್ಯಾಡು ಮುಂದೆ ತಳ್ಳಿದ. "ಒತ್ಲಾ. ಕಲ್ಸಿದ್ದು ನೀನೇ ತಾನೆ? ಇಡೀ ಊರೇ ನೋಡೈತೆ."

ಆ ಮಾತು ಸುಳ್ಳಲ್ಲ. ಒಂದು ವರ್ಷದಿಂದ ದಾಮಿಯಾನನನ್ನು ತಿನ್ನುತ್ತಿದ್ದುದೂ ಅದೇ. ಕಲಸಿದವನು ಅವನೇ. ಉಪ್ಪು ಎಂದು ಗೊತ್ತಿದ್ದೂ ಕಲಸಿದವನು, ನಿಜ ಹೇಳಿದ ಮಗುವಿನ ಬಾಯಿ ಮುಚ್ಚಿದವನು. ಅವನ ಹೆಬ್ಬೆರಳು ಶಾಯಿಯ ತನಕ ಹೋಯಿತು. ಹೋಗಿ ಅಲ್ಲೇ ನಿಂತಿತು.

ಅವನು ತಿರುಗಿ ರಾಶಿಯ ಹತ್ತಿರ ನಡೆದ. ಬೊಗಸೆ ತುಂಬ ಮರಳು ತಂದು ಸಾಹೇಬನ ಮುಂದೆ ಹಿಡಿದ.

"ನೆಕ್ ನೋಡಿ ಸ್ವಾಮಿ."

"ಏನಯ್ಯಾ, ತಲೆ ಕೆಟ್ಟಿದೆಯಾ?"

"ಒಂದ್ ಚಿಟ್ಕೆ. ಆಮ್ಯಾಕೆ ಎಲ್ ಬೇಕಾರೂ ಒತ್ತೀನಿ."

ಸಾಹೇಬ ಕುರ್ಚಿ ಹಿಂದಕ್ಕೆ ಸರಿಸಿದ. ದಾಮಿಯಾನ್ ಕಾಬೊನ ಕಡೆ ತಿರುಗಿದ. "ನೀನ್ ನೆಕ್ಕು. ನನ್ ಕೂಸು ನೆಕ್ಕಿತ್ತು, ನಿನ್ ಮುಂದೇನೆ. ಆರ್ ವರ್ಸದ್ ಕೂಸಿಗ್ ಗೊತ್ತಾಯ್ತು. ನಿಂಗ್ ಗೊತ್ತಾಗ್ಲಿಲ್ವೇನೋ ಬೋಳಿಮಗ್ನೆ?"

"ಲೇ! ಮುಂದಿನ್ ಕಟಾವಿಗ್ ಕತ್ತಿ ಹಿಡಿಯಾಕಿಲ್ಲ ನೀನು!"

"ಹಿಡಿಯಾಕಿಲ್ಲ, ಬುಡು."

ಪಸಿತಾ ಬಂದಳು. ಗಂಡನ ಬೊಗಸೆಯಿಂದ ಚಿಟಿಕೆ ತೆಗೆದು ನಾಲಿಗೆಗಿಟ್ಟುಕೊಂಡು ಮೇಜಿನ ಪಕ್ಕಕ್ಕೇ ಉಗಿದಳು. ಮೊಮ್ಮಗನ ಪರವಾಗಿ ಬ್ರಿಗಾದಕ್ಕೆ ಬಂದಿದ್ದ ಬಾಸ್ಯಾಂಗಜ್ಜಿ ಬೊಚ್ಚುಬಾಯಿಗೆ ಒಂದಿಷ್ಟು ಹಾಕಿಕೊಂಡಳು.

"ಥೂ! ಉಪ್ಪೇ ಕಣ್ರೋ. ಅವತ್ತೂ ಗೊತ್ತಿತ್ತು ನಂಗೆ. ಹಲ್ಲಿಲ್ದಿದ್ರೂ ನಾಲ್ಗೆ ಇತ್ತು, ನಕ್ಬುಟ್ಟೆ. ಈ ಮುದಿ ಬಾಯ್ಗೆ ಮಣ್ ಹಾಕ."

ಆಮೇಲೆ ಒಬ್ಬೊಬ್ಬರೇ ಬಂದರು. ನೆಕ್ಕಿದರು, ಉಗಿದರು. ಯಾರು ಮೊದಲು ಬುಟ್ಟಿ ತುಂಬಿದರೋ ತಿಳಿಯದು. ನೋಡುವಷ್ಟರಲ್ಲಿ ಹೆಂಗಸರು ತಲೆಯ ಮೇಲೆ ಮರಳು ಹೊತ್ತು ಕಡಲ ದಾರಿ ಹಿಡಿದಿದ್ದರು. ಗಂಡಸರು ಸಲಿಕೆಯಿಂದ ತುಂಬಿ ತುಂಬಿ ಕೊಟ್ಟರು.

"ಇವರ ಯಾರ ಹಾಜರಿನೂ ಹಾಕಬೇಡಿ ಮೇಡಮ್!" ಎಂದು ಸಾಹೇಬ ಕೂಗಿದ.

ಸೊಲೆದಾದ್ ಮೇಡಮ್ ಗೇಟಿನ ಹತ್ತಿರ ಪುಸ್ತಕ ಹಿಡಿದು ನಿಂತರು. ದಾಟಿ ಹೋದ ಒಂದೊಂದು ಬುಟ್ಟಿಗೂ ಹೆಸರು ನೋಡಿ ಹಾಜರಿ ಹಾಕಿದರು.

ಸಂಜೆಗೆ ಅಂಗಳ ಬರಿದಾಯಿತು. ಕಾಗದದಲ್ಲಿ ಹೆಬ್ಬೆಟ್ಟಿನ ಜಾಗ ಹಾಗೆಯೇ ಉಳಿಯಿತು. ಹಣ ಬರುತ್ತದೋ ಇಲ್ಲವೋ, ಚಿಕ್ಕವಳ ಹೆಸರು ಕೂಗುತ್ತಾರೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ. ದಾಮಿಯಾನ್ ಬೇಲಿಯ ಮೂಲೆಗೆ ಹೋಗಿ ಮುರಿದ ಕಂಬದ ತುಂಡೊಂದನ್ನು ಎತ್ತಿಕೊಂಡ. ತುಕ್ಕು ಹಿಡಿದ ಕಬ್ಬಿಣ ಕೈಗೆ ಪುಡಿಪುಡಿಯಾಗಿ ಬಂತು. ಅವನು ಆ ಸಿಮೆಂಟನ್ನು ನಾಲಿಗೆಗೆ ತಾಗಿಸಿದ. ಅಷ್ಟೊಂದು ಮಳೆ ತೊಳೆದಿದ್ದರೂ ಅದು ಇನ್ನೂ ಉಪ್ಪಾಗಿಯೇ ಇತ್ತು.