ಆಗಸ್ಟ್ ತಿಂಗಳ ಫೋಟೊ

ಬೆಳಿಗ್ಗೆ ಹನ್ನೊಂದಕ್ಕೆ ಅಕ್ಕನ ಎರಡು ವರ್ಷದ ಹಿಂದಿನ ಪೋಸ್ಟೊಂದಕ್ಕೆ ಒಂದು ನಕ್ಷತ್ರ ಬಿತ್ತು. ಕುಂಡದಲ್ಲಿ ಪುದೀನ ಚಿಗುರಿದ ಚಿತ್ರ ಅದು. ಯಾರಾದರೂ ಮೆಚ್ಚಿದರೆ ನಕ್ಷತ್ರ ಬೀಳುವುದು ವಾಡಿಕೆ. ಐದು ನಿಮಿಷ ಬಿಟ್ಟು ಅದರ ಮುಂದಿನ ಪೋಸ್ಟಿಗೆ ಇನ್ನೊಂದು ಬಿತ್ತು, ಆಮೇಲೆ ಅದರ ಮುಂದಿನದಕ್ಕೆ. ಯಾರೋ ಕೆಳಗಿನಿಂದ ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿದ್ದ ಹಾಗಿತ್ತು.

ಅಕ್ಕ ಫೋನ್ ಮಾಡಿದಳು. "ಅದು ನಿಮ್ಮ ಭಾವ."

"ಹೇಗೆ ಗೊತ್ತು?"

"ಆ ಖಾತೆ ಹೆಸರು ನೋಡು. ಮಾರಿಬಿಟ್ಟ ಬೈಕಿನ ನಂಬರು. ನಾನು ಹುಟ್ಟಿದ ದಿನ ಒಂದು ಸಲಾನೂ ನೆನಪಿಟ್ಕೊಳ್ಳಲಿಲ್ಲ, ಇದನ್ನ ಮಾತ್ರ ಬಿಟ್ಟಿಲ್ಲ." ಅವಳ ದನಿ ತಗ್ಗಿತು. "ಆಗಸ್ಟ್‌ದು ಒಂದು ಫೋಟೊ ಇದೆಯಲ್ಲೇ."

ಇತ್ತು. ಭಾವನನ್ನು ಬಿಟ್ಟು ಬಂದ ಮೇಲೆ ಅಕ್ಕ ಸೇರಿದ ಹೊಸ ಕೋಣೆಯ ಕಿಟಕಿಯಲ್ಲಿ ಅದೇ ಪುದೀನ ಕುಂಡ. ಹಾಕಿದ ದಿನ ನಮ್ಮಿಬ್ಬರ ಕಣ್ಣಿಗೂ ಬಿದ್ದದ್ದು ಕುಂಡ ಮಾತ್ರ. ಈಗ ಹಿಗ್ಗಿಸಿ ನೋಡಿದರೆ ಹಿಂದೆ ಎದುರಿನ ಟೈರ್ ಅಂಗಡಿಯ ಬೋರ್ಡು, ಅದರ ಮೇಲೆ ಫೋನ್ ನಂಬರು, ಎಲ್ಲ ಓದುವಂತಿತ್ತು. ಹೋದ ಸಲ ಭಾವ ಅವಳನ್ನು ಹುಡುಕಿಕೊಂಡು ಬಂದಾಗ ಅಕ್ಕನ ಎಡಗೈ ಮೂರು ವಾರ ಪಟ್ಟಿಯಲ್ಲಿತ್ತು.

"ಎಲ್ಲ ಅಳಿಸಿಬಿಡು," ಅಂದಳು. "ಒಂದು ಚೂರೂ ಉಳಿಯಬಾರದು."

ಅಕ್ಕ ಬರೆಯುತ್ತಿದ್ದದ್ದು ನಾನು ನಡೆಸುವ ಸರ್ವರ್‌ನಲ್ಲಿ. ಹಗಲು ನನ್ನದು ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸ. ಇದು ಬಿಡುವಿನ ಹೊತ್ತಿನದು. ನಲವತ್ತು ಚಿಲ್ಲರೆ ಜನ, ಹೆಚ್ಚಿನವರು ಹೆಂಗಸರು. ನಮ್ಮದರಂಥ ಸಾವಿರಾರು ಸಣ್ಣ ಸರ್ವರ್‌ಗಳು ಒಂದೇ ಪ್ರೋಟೋಕಾಲ್‌ನಲ್ಲಿ, ಅಂದರೆ ಒಂದೇ ಕಟ್ಟುಪಾಡಿನಲ್ಲಿ, ಪರಸ್ಪರ ಮಾತಾಡುತ್ತವೆ. ಒಂದು ಮನೆಯಲ್ಲಿ ಬರೆದದ್ದರ ಪ್ರತಿ, ಓದುಗರಿರುವ ಉಳಿದ ಮನೆಗಳಿಗೂ ಹೋಗುತ್ತದೆ. ಅಳಿಸಿದರೆ, ಅಳಿಸಿ ಎಂಬ ಕೋರಿಕೆಯೂ ಹಾಗೆಯೇ ಹೋಗುತ್ತದೆ. ಮೇಲೆ ಕೂತು ಎಲ್ಲವನ್ನೂ ಆಳುವ ಕಂಪನಿ ಇಲ್ಲ. ಅದಕ್ಕೇ ನಾನು ಇದನ್ನು ನಂಬಿದ್ದೆ.

ಭಾವನ ಖಾತೆ ಇದ್ದದ್ದು ನಾಲ್ಕು ಸಾವಿರ ಜನರ ಒಂದು ದೊಡ್ಡ ಸರ್ವರ್‌ನಲ್ಲಿ. ಅಷ್ಟರಲ್ಲಿ ನಕ್ಷತ್ರ ಮಾರ್ಚ್ ತಿಂಗಳ ಪೋಸ್ಟಿಗೆ ಬಂದಿತ್ತು. ನಾನು ಸಿಟ್ಟಿನಲ್ಲಿ ಮೊದಲು ಆ ಸರ್ವರನ್ನೇ ಪೂರ್ತಿ ಬ್ಲಾಕ್ ಮಾಡಿದೆ. ಆಮೇಲೆ ಅಕ್ಕನ ಖಾತೆಯನ್ನು, ಅವಳ ಹೆಸರಲ್ಲಿ ಹೋಗುವುದಕ್ಕೆಲ್ಲ ಸಹಿ ಹಾಕುವ ಗುಪ್ತ ಕೀಲಿಯನ್ನು, ಬ್ಯಾಕಪ್‌ನಲ್ಲಿದ್ದದ್ದನ್ನೂ ಸೇರಿಸಿ ಅಳಿಸಿ ಹಾಕಿದೆ. ಹತ್ತು ನಿಮಿಷದ ಕೆಲಸ. ಅಕ್ಕನಿಗೆ "ಆಯ್ತು" ಎಂದು ಕಳಿಸಿದೆ.

ನನಗೆ ಬೀಗ ಹಾಕಿದ ಬಾಗಿಲನ್ನು ಎರಡು ಸಲ ಎಳೆದು ನೋಡುವ ಚಾಳಿಯಿದೆ. ಊಟದ ಹೊತ್ತಿಗೆ ಯಾರೋ ದಾರಿಹೋಕಳಂತೆ ಆ ದೊಡ್ಡ ಸರ್ವರ್‌ನ ಪುಟಕ್ಕೆ ಹೋಗಿ ಅಕ್ಕನ ಹೆಸರು ಹುಡುಕಿದೆ.

ಎಲ್ಲವೂ ಇತ್ತು. ಪುದೀನ, ಕಿಟಕಿ, ಟೈರ್ ಅಂಗಡಿ.

ಇದು ನಮ್ಮ ಕಸುಬಿನವರು ಮಾತ್ರ ಮಾಡಬಲ್ಲ ತಪ್ಪು. ಬ್ಲಾಕ್ ಮಾಡಿದ ಸರ್ವರ್‌ಗೆ ನಮ್ಮಿಂದ ಏನೂ ಹೋಗುವುದಿಲ್ಲ; ಅಳಿಸಿ ಎಂಬ ಕೋರಿಕೆಯೂ ಹೋಗುವುದಿಲ್ಲ. ಮೊದಲು ಅಳಿಸಿ, ಕಾದು, ಆಮೇಲೆ ಬ್ಲಾಕ್ ಮಾಡಬೇಕಿತ್ತು. ಈಗ ಬ್ಲಾಕ್ ತೆಗೆದರೂ ಪ್ರಯೋಜನವಿಲ್ಲ, ಆ ಕೋರಿಕೆಗೆ ಅಕ್ಕನ ಕೀಲಿಯಿಂದ ಸಹಿ ಬೀಳಬೇಕು, ಕೀಲಿಯನ್ನು ನಾನೇ ಸುಟ್ಟಿದ್ದೆ. ಜೊತೆಗೆ ಬ್ಲಾಕ್‌ನಿಂದಾಗಿ ನಕ್ಷತ್ರಗಳ ಸುದ್ದಿಯೂ ನಿಂತಿತ್ತು; ಹೊರಗಿನವರಿಗೆ ಆ ಪುಟದಲ್ಲಿ ಅವು ಕಾಣುವುದಿಲ್ಲ. ಅವನು ಎಷ್ಟನೇ ಮೆಟ್ಟಿಲಲ್ಲಿದ್ದಾನೋ ತಿಳಿಯುವಂತಿರಲಿಲ್ಲ.

ಆ ಸರ್ವರ್ ನಡೆಸುವವರು ನಮ್ಮ ಆಫೀಸಿನಲ್ಲೇ, ನನ್ನಿಂದ ಮೂರು ಸಾಲು ಆಚೆ ಕೂರುತ್ತಾರೆ. ಎಲ್ಲರೂ ಪಂಡಿತ ಎನ್ನುತ್ತಾರೆ. ಎರಡು ವರ್ಷದ ಹಿಂದಿನವರೆಗೆ ನಾವಿಬ್ಬರೂ ಒಂದೇ ಸರ್ವರ್ ನಡೆಸುತ್ತಿದ್ದೆವು. ಯಾರನ್ನು ಹೊರಗೆ ಹಾಕಬೇಕು, ಯಾರನ್ನು ಹಾಕಬಾರದು ಎಂದು ಜಗಳವಾಡಿ ಬೇರೆಯಾದೆವು. ಅಂದಿನಿಂದ ನಮ್ಮ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ.

ಊಟದ ಕೋಣೆಯಲ್ಲಿ ಒಬ್ಬರೇ ಇದ್ದರು, ಲ್ಯಾಪ್‌ಟಾಪ್ ಪಕ್ಕದಲ್ಲಿ ಡಬ್ಬಿ. ನಿಂತೇ ಎಲ್ಲ ಹೇಳಿದೆ. ಅವರು ಚಮಚ ಕೆಳಗಿಡಲಿಲ್ಲ.

"ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ," ಅಂದರು. "ನೀನು ಇನ್ನೂ ಒಂದು ಕೈ ಮೇಲು. ಬಾಗಿಲು ಹಾಕಿ, ಆಮೇಲೆ ಅದೇ ಬಾಗಿಲಲ್ಲಿ ಪತ್ರ ಕಳಿಸಿದೀಯ."

"ಬೈಯೋದಿದ್ರೆ ಆಮೇಲೆ ಬೈಯಿರಿ. ಮೊದಲು ಅಳಿಸಿ."

"ನಾನು ಯಾರ ಮಾತನ್ನೂ ಅಳಿಸಲ್ಲ. ಗೊತ್ತಲ್ಲ ನಿನಗೆ."

"ಬರೆದವಳೇ ಅಳಿಸಿ ಅಂತಿದಾಳೆ."

"ಅವಳು ಅಂತಿದಾಳೆ ಅಂತ ನೀನು ಅಂತಿದೀಯ. ಸಹಿ ಎಲ್ಲಿದೆ? ನಾಳೆ ಇನ್ಯಾವನೋ ಬಂದು ನನ್ನ ತಂಗೀದು ಅಳಿಸಿ, ನನ್ನ ಹೆಂಡ್ತೀದು ಅಳಿಸಿ ಅಂದ್ರೆ? ಹೊಸ ಪ್ರೋಟೋಕಾಲ್‌ಗೆ ಹೋಗೋಣ ಅಂತ ಆವತ್ತೇ ಬಡ್ಕೊಂಡೆ. ಅದರಲ್ಲಿ ಕೀಲಿ ನಿಮ್ಮಕ್ಕನ ಹತ್ರಾನೇ ಇರ್ತಿತ್ತು. ನೀನು ಸುಡೋಕಾಗ್ತಿರಲಿಲ್ಲ."

"ಅದರಲ್ಲಿ ಒಂದು ಸಲ ಬರೆದದ್ದನ್ನ ಯಾರೂ ಅಳಿಸೋಕಾಗಲ್ಲ. ಕೀಲಿ ಇಟ್ಕೊಂಡು ಏನು ಮಾಡ್ತಾಳೆ, ಕೊರಳಿಗೆ ಕಟ್ಕೋತಾಳಾ?"

"ನಿನ್ನದರಲ್ಲಿ ಮಾತ್ರ ಅಳಿಸೋಕಾಯ್ತಾ? ಡಿಲೀಟ್ ಅನ್ನೋ ಬಟನ್ ಬರೀ ವಿನಂತಿ. ಅದನ್ನ ಜನಕ್ಕೆ ಹೇಳ್ದೆ ತೋರಿಸೋದೇ ಮೋಸ."

"ಹತ್ತು ಮನೇಲಿ ಒಂಬತ್ತು ಮನೆ ಆ ವಿನಂತಿ ಕೇಳಿವೆ. ಕೇಳದೆ ಇರೋದು ನಿಮ್ಮದೊಂದೇ."

"ನೀನು ಕಳಿಸಿದ್ರೆ ತಾನೆ ಕೇಳೋದು."

ಅಕ್ಕನಿಗೆ ಫೋನ್ ಮಾಡಿ, ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದೆ. ಪಂಡಿತ ಸಂಕೋಚವಿಲ್ಲದೆ ಕೇಳಿದರು. "ನೀವು ನೀವೇ ಅಂತ ನನಗೆ ಹೇಗೆ ಗೊತ್ತಾಗಬೇಕಮ್ಮ?"

"ಬಂದು ನೋಡಿ ಅಂತ ಕರೆಯೋಣ ಅಂದ್ರೆ ವಿಳಾಸ ಹೇಳೋ ಹಾಗಿಲ್ಲ," ಅಂದಳು ಅಕ್ಕ. "ನಿಮ್ಮ ಪುಟದಲ್ಲೇ ಇದೆ, ಆಗಸ್ಟ್‌ದು ನೋಡಿ. ಇನ್ನೊಬ್ಬರೂ ಅಲ್ಲೇ ಹುಡುಕ್ತಿದಾರೆ."

ಪಂಡಿತ ಚಮಚ ಕೆಳಗಿಟ್ಟರು. ನಾನು ಫೋನ್ ಇಟ್ಟ ಮೇಲೆ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು.

"ಒಂದು ಷರತ್ತು," ಅಂದರು. "ಬ್ಲಾಕ್ ತೆಗೀಬೇಕು. ನೆಗಡಿ ಬಂತು ಅಂತ ಮೂಗು ಕೊಯ್ಕೊಂಡಿದೀಯ ನೀನು. ಒಬ್ಬ ಕೆಟ್ಟವನಿಗೋಸ್ಕರ ನನ್ನ ನಾಲ್ಕು ಸಾವಿರ ಜನಕ್ಕೆ ಬಾಗಿಲು ಹಾಕಿದೀಯ."

"ಅವನನ್ನ ಹೊರಗೆ ಹಾಕಿ, ತೆಗೀತೀನಿ."

"ನಕ್ಷತ್ರ ಹಾಕಿದಾನೆ ಅಂತ ಹೊರಗೆ ಹಾಕ್ಲಾ? ಅವನು ಇಲ್ಲಿ ಒಂದು ಕೆಟ್ಟ ಮಾತೂ ಬರೆದಿಲ್ಲ."

ನನ್ನ ಸರ್ವರ್‌ನಲ್ಲಿ ಅಕ್ಕನಂಥ ಇನ್ನೂ ಐದಾರು ಜನರಿದ್ದರು. ಅಕ್ಕನ ಗೆಳತಿಯರಿದ್ದರು, ಅವಳು ಎಲ್ಲಿದ್ದಾಳೆ ಎಂದು ಗೊತ್ತಿದ್ದವರು. ಬಾಗಿಲು ತೆರೆದರೆ ಭಾವ ನಾಳೆಯೇ ಅವರ ಹೊಸ ಮಾತುಗಳ ಮೆಟ್ಟಿಲು ಹತ್ತತೊಡಗುತ್ತಾನೆ. ಅದೆಲ್ಲ ಆ ಕ್ಷಣದಲ್ಲೇ ನನಗೆ ಸ್ಪಷ್ಟವಾಗಿತ್ತು.

"ಸರಿ," ಅಂದೆ. "ಮೊದಲು ನೀವು ಅಳಿಸಿ. ಆಮೇಲೆ ನಾನು ತೆಗೀತೀನಿ."

ಅವರು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, ನನ್ನ ಕಣ್ಣೆದುರೇ ಅಕ್ಕನ ಖಾತೆಯ ಪ್ರತಿಯನ್ನು ತೆರೆದರು. ಕೊನೆಯ ನಕ್ಷತ್ರ ಜುಲೈ ಇಪ್ಪತ್ತಾರರ ಪೋಸ್ಟಿಗೆ ಬಿದ್ದಿತ್ತು, ಬಿದ್ದು ನಾಲ್ಕು ನಿಮಿಷವಾಗಿತ್ತು. ಅದರ ಮೇಲೆ ಇನ್ನೆರಡು ಪೋಸ್ಟ್, ಮೂರನೆಯದೇ ಕಿಟಕಿ.

ಅವರೂ ಅದನ್ನು ನೋಡಿದರು. ಅಳಿಸುವ ಬಟನ್ ಒತ್ತಿದರು. ನಾನು ನನ್ನ ಫೋನಿನಲ್ಲಿ ಹುಡುಕಿದೆ, ಪುಟ ತಾಜಾ ಮಾಡಿ ಮತ್ತೆ ಹುಡುಕಿದೆ. ಇರಲಿಲ್ಲ.

"ಈಗ ನಿನ್ನ ಸರದಿ."

"ತೆಗೆಯಲ್ಲ," ಅಂದೆ.

"ಏನಂದೆ?"

"ಬ್ಲಾಕ್ ತೆಗೆಯಲ್ಲ. ತೆಗೀತೀನಿ ಅಂದಾಗಲೂ ತೆಗೆಯೋ ಮನಸ್ಸಿರಲಿಲ್ಲ."

ಅವರ ಕಿವಿ ಕೆಂಪಾಯಿತು. ದನಿ ಏರಲಿಲ್ಲ. "ನಿನ್ನನ್ನ ಹಟಮಾರಿ ಅಂದ್ಕೊಂಡಿದ್ದೆ. ಸುಳ್ಳಿ ಅಂತ ಗೊತ್ತಿರಲಿಲ್ಲ." ಡಬ್ಬಿ ಮುಚ್ಚಿ ಎದ್ದು ಹೋದರು.

ಮಧ್ಯಾಹ್ನ ಅವರು ತಮ್ಮ ಸರ್ವರ್‌ನಲ್ಲಿ ನಾಲ್ಕು ಸಾಲು ಬರೆದರು. ಇಂಥ ಸರ್ವರ್‌ನ ಒಡತಿ ಕೊಟ್ಟ ಮಾತಿಗೆ ತಪ್ಪುತ್ತಾಳೆ, ಉಳಿದವರು ಎಚ್ಚರದಿಂದಿರಿ. ಅಕ್ಕನ ಪ್ರಸ್ತಾಪ ಮಾಡಿರಲಿಲ್ಲ. ಅಷ್ಟು ಮರ್ಯಾದೆ ಅವರಿಗಿದೆ. ಬರೆದದ್ದರಲ್ಲಿ ಸುಳ್ಳೂ ಇರಲಿಲ್ಲ. ಸರ್ವರ್ ನಡೆಸುವವರು ಯಾರನ್ನು ದೂರವಿಡಬೇಕೆಂಬ ಪಟ್ಟಿಗಳನ್ನು ಪರಸ್ಪರ ಹಂಚಿಕೊಳ್ಳುತ್ತಾರೆ. ಎರಡು ದಿನದಲ್ಲಿ ನನ್ನ ಸರ್ವರ್‌ನ ಹೆಸರು ಆ ಪಟ್ಟಿಗಳಿಗೆ ಹತ್ತಿತು. ಮೂವತ್ತೊಂದು ಸರ್ವರ್‌ಗಳು ನಮಗೆ ಬಾಗಿಲು ಹಾಕಿದವು. ಬಾಗಿಲು ಹಾಕಿದ್ದು ಒಳಗಿರುವವರಿಗೆ ತಿಳಿಯುವುದಿಲ್ಲ. ಆ ಕಡೆಯಿಂದ ಮಾತು ಬರುವುದು ನಿಲ್ಲುತ್ತದೆ, ಅಷ್ಟೇ.

ನಾಲ್ಕನೆಯ ದಿನ ನಮ್ಮಲ್ಲಿರುವ ಹೊಲಿಗೆ ಟೀಚರ್ ನನಗೆ ಬರೆದರು. ಎರಡು ವರ್ಷದಿಂದ ದಿನಕ್ಕೊಂದು ಕಸೂತಿಯ ಚಿತ್ರ ಹಾಕುವವರು. "ನನ್ನ ಗೆಳತಿ ಎರಡು ದಿನದಿಂದ ಉತ್ತರಾನೇ ಕೊಡ್ತಿಲ್ಲ. ನಾನು ಏನಾದ್ರೂ ತಪ್ಪು ಅಂದೆನಾ ಅಂತ ಹಳೇದೆಲ್ಲ ತೆಗೆದು ಓದ್ತಾ ಕೂತಿದೀನಿ. ನಿಮಗೇನಾದ್ರೂ ಗೊತ್ತಾ?"

ಮೂರು ಸಲ ಬರೆದು ಅಳಿಸಿದೆ. ಕೊನೆಗೆ ನಡೆದದ್ದನ್ನು ನಡೆದ ಹಾಗೆಯೇ ಬರೆದೆ, ಕೊಟ್ಟ ಮಾತಿಗೆ ತಪ್ಪಿದ್ದನ್ನೂ ಸೇರಿಸಿ.

"ಅಕ್ಕನಿಗೋಸ್ಕರ ಮಾಡಿದ್ರಿ, ಸರಿ," ಎಂದು ಬಂತು. "ನಮ್ಮನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ಬೇಡ ಅಂತೀರೇನೋ ಅಂತ ಕೇಳಲಿಲ್ಲ."

"ನಾನು ಬೇರೆ ಸರ್ವರ್‌ಗೆ ಹೋಗ್ತೀನಿ. ನನ್ನ ಕಸೂತಿ ಎಲ್ಲ ಅಲ್ಲಿಗೆ ಬರುತ್ತಲ್ಲ?"

"ನಿಮ್ಮನ್ನ ಓದೋರು ಬರ್ತಾರೆ. ಹಾಕಿದ ಪೋಸ್ಟ್‌ಗಳು ಬರಲ್ಲ. ಈ ಪ್ರೋಟೋಕಾಲ್‌ನಲ್ಲಿ ಅದು ಸಾಧ್ಯ ಇಲ್ಲ. ಬೇಕಾದ್ರೆ ಚಿತ್ರ ಎಲ್ಲ ಒಂದು ಫೈಲ್ ಮಾಡಿ ಕೊಡ್ತೀನಿ."

"ಎಲ್ಲ ಬರೋ ಥರದ್ದೂ ಇದೆಯಂತಲ್ಲ? ನನ್ನ ಗೆಳತಿ ಹೇಳ್ತಿದ್ಲು."

"ಇದೆ, ಹೊಸ ಪ್ರೋಟೋಕಾಲ್. ಅದು ಬೇಡ ಅಂತ ತೀರ್ಮಾನ ಮಾಡಿದ್ದೂ ನಾನೇ."

ಅವರು "ಚಿತ್ರ ಎಲ್ಲ ಕಟ್ಟಿಕೊಡಿ" ಎಂದರು. ನಾನು ಅವರ ಖಾತೆ ತೆರೆದು, ಮೊದಲ ದಿನದ ಕಸೂತಿಯಿಂದ ಒಂದೊಂದಾಗಿ ಇಳಿಸತೊಡಗಿದೆ.